ಬಿಂದು ಮೂಸಿದ್ದು ರಂಜಾನಬಿಯ ಕೈ

ನಡುಮಾಗಿಯಲ್ಲಿ ಯಾವ ಮನೆಗೆ ಹೋದರೂ ಒಂದು ಬಣ್ಣಬಣ್ಣದ ಹುರಿ ಕಣ್ಣಿಗೆ ಬೀಳುತ್ತದೆ. ಹಾಲಿನ ಕ್ಯಾನಿನ ಮುಚ್ಚಳಕ್ಕೆ, ಸೈಕಲ್ಲಿನ ಹಿಂದಿನ ಸೀಟಿಗೆ, ಬಾಗಿಲ ಚಿಲಕಕ್ಕೆ, ಮುರಿದ ಚಾಳೀಸಿನ ಕಡ್ಡಿಗೆ ಕೂಡ. ಕೆಂಪು, ಗಿಣಿಹಸಿರು, ಕಪ್ಪು, ದಾಳಿಂಬೆ ಬಣ್ಣದ ಎಳೆಗಳನ್ನು ಕೂಡಿಸಿ ಹೊಸೆದ ಹುರಿ ಅದು. ಅಂಗಡಿಯಲ್ಲಿ ಸಿಗುವುದಿಲ್ಲ. ರಂಜಾನಬಿ ಹೊಸೆದು ಕೊಡುತ್ತಾಳೆ, ಕೇಳಿದವರಿಗೆಲ್ಲ, ಪುಕ್ಕಟೆ.

ನಡುಮಾಗಿ ಇಳಕಲ್ಲಿಗೆ ಎರಡು ಹರದಾರಿ ದೂರದ ನೇಕಾರರ ಊರು. ರಂಜಾನಬಿ ಹುಟ್ಟಿದ್ದು ಹುನಗುಂದದಲ್ಲಿ. ಹದಿನೇಳಕ್ಕೆ ಮದುವೆಯಾಗಿ ಇಲ್ಲಿಗೆ ಬಂದಳು. ಗಂಡ ಮಹಮ್ಮದ ಮಗ್ಗಕ್ಕೆ ಕುಳಿತರೆ ಅವಳು ಕೊಂಡಿ ಹಾಕುತ್ತಿದ್ದಳು. ಇಳಕಲ್ ಸೀರೆಯ ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಎರಡರ ಹಾಸು, ಎಂದರೆ ಉದ್ದನೆಯ ಎಳೆಗಳು, ಬೇರೆಬೇರೆ. ಒಡಲಿನ ಎಳೆಯ ಕುಣಿಕೆಯೊಳಗೆ ಸೆರಗಿನ ಎಳೆಯ ಕುಣಿಕೆ ತೂರಿಸಿ ಒಂದಕ್ಕೊಂದು ಸಿಕ್ಕಿಸಬೇಕು. ಒಂದೊಂದು ಸೀರೆಗೆ ಸಾವಿರಗಟ್ಟಲೆ ಎಳೆ. ಒಂದು ತಪ್ಪಿದರೆ ಸೆರಗಿನ ಉದ್ದಕ್ಕೂ ಕಾಣುತ್ತದೆ. ರಂಜಾನಬಿಯದು ತಪ್ಪಿದ್ದನ್ನು ಯಾರೂ ಕಂಡಿಲ್ಲ.

ಗಂಡ ತೀರಿಕೊಂಡಾಗ ಮಗ ಮತೀನನಿಗೆ ಒಂಬತ್ತು ವರ್ಷ. ಮಗ್ಗ ಮಾರಿ ತವರಿಗೆ ಬಾ ಎಂದು ಅಣ್ಣಂದಿರು ಟೆಂಪೋ ಸಮೇತ ಬಂದು ನಿಂತರು. ಅವಳು ಅವರಿಗೆ ಹೊಟ್ಟೆ ತುಂಬ ಊಟ ಹಾಕಿ ಖಾಲಿ ಟೆಂಪೋ ತಿರುಗಿಸಿ ಕಳಿಸಿದಳು. ಅಂದಿನಿಂದ ಊರಿನ ಅರ್ಧ ಮಗ್ಗಗಳಿಗೆ ಅವಳೇ ಕೊಂಡಿ ಹಾಕಿದ್ದಾಳೆ. ಸೀರೆ ಇಳಿಸಿದ ಮೇಲೆ ಮಗ್ಗದಲ್ಲಿ ಉಳಿಯುವ ಗೇಣುದ್ದದ ತುದಿಗಳನ್ನು ಬೇರೆಯವರು ಕಸಕ್ಕೆ ಹಾಕುತ್ತಾರೆ. ರಂಜಾನಬಿ ಅವನ್ನು ಉಡಿಯಲ್ಲಿ ತಂದು, ಇಳಿಹೊತ್ತಿನ ಅಸರ್ ನಮಾಜು ಮುಗಿಸಿ, ಹೊಸ್ತಿಲ ಮೇಲೆ ಕುಳಿತು ಹೊಸೆಯುತ್ತಾಳೆ. ಬಾಯಿಂದ ಬೆರಳಿಗೆ ತುಸು ಎಂಜಲು, ಬೆರಳಿಂದ ಎಳೆಗೆ. ಹಾಗಾದರೇ ಹುರಿ ಬಿಗಿಯಾಗುತ್ತದೆ. ಎರಡನೆಯ ಇಯತ್ತೆಗೆ ಸಾಲೆ ಬಿಟ್ಟವಳು. ಓದು ಬರುತ್ತದೆ, ಆದರೆ ಬೆರಳಿಟ್ಟು, ಅಕ್ಷರ ಅಕ್ಷರವಾಗಿ.

ಹೋದ ವರ್ಷ ಏಪ್ರಿಲ್ ಕೊನೆಯ ವಾರ ನೇಕಾರರ ಸೊಸೈಟಿಯ ಗೋದಾಮಿನಿಂದ ರೇಷ್ಮೆ ನೂಲಿನ ಒಂಬತ್ತು ಕಟ್ಟು ಕಳುವಾದವು. ಹಿಂದಿನ ಕಿಟಕಿಯ ಸರಳು ಬಾಗಿಸಿದ್ದರು. ಸರಳಿಗೆ ಒಂದು ಮಾರು ಹುರಿ ಜೋತಾಡುತ್ತಿತ್ತು, ಕಟ್ಟು ಇಳಿಸಿಕೊಳ್ಳಲು ಬಳಸಿದ್ದು. ಬಣ್ಣಬಣ್ಣದ ಹುರಿ.

ಸೊಸೈಟಿಯ ಕ್ಯಾಮರಾ ಕೆಟ್ಟು ಎಂಟು ತಿಂಗಳಾಗಿತ್ತು. ಹಾಗಾಗಿ ಬಾಗಲಕೋಟೆಯಿಂದ ಪೊಲೀಸ್ ನಾಯಿ ಬಂತು. ಜೀಪು ಬಂದಾಗ ಹನ್ನೊಂದು ಹೊಡೆದಿತ್ತು. ಓಣಿಯ ಫರಸಿ ಕಲ್ಲು ಆಗಲೇ ರೊಟ್ಟಿಯ ಹಂಚಿನಂತಾಗಿತ್ತು.

"ಕ್ಯಾಮರಾಕ್ಕ ಕಣ್ಣಿಲ್ಲಂತ ನಾಯಿ ಮೂಗ ತಂದಾರ ನೋಡವಾ," ಎಂದಳು ಎದುರು ಮನೆಯ ರೇಣವ್ವ.

"ಮುಧೋಳ ನಮ್ಮ ಜಿಲ್ಲಾದಾಗ ಐತಿ, ನಾಯಿ ಮಾತ್ರ ಪರದೇಶದ್ದು," ಎಂದು ಗುಂಪಿನಲ್ಲಿ ಯಾರೋ ನಕ್ಕರು.

ಕಪ್ಪು ಮೈಯ, ಕಂದು ಕಾಲಿನ, ಮೊಂಡು ಬಾಲದ ಹೆಣ್ಣು ನಾಯಿ. ಹೆಸರು ಬಿಂದು. ಹಗ್ಗ ಹಿಡಿದವನು ಬಾದಾಮಿ ಕಡೆಯ ಪೇದೆ ಬನಪ್ಪ. ಹುರಿಯನ್ನು ಮೂಗಿಗೆ ಹಿಡಿದು "ಸೂಂಘ್, ಬಿಂದು" ಎಂದ. ನಾಯಿ ನೆಲಕ್ಕೆ ಮೂಗು ಹಚ್ಚಿ ಸೊಸೈಟಿಯ ಹಿಂಭಾಗದಿಂದ ಹೊರಟು, ಮೂರು ಓಣಿ ತಿರುಗಿ, ಕಾದ ಕಲ್ಲಿನ ಮೇಲೆ ಕಾಲು ಎತ್ತಿ ಎತ್ತಿ ಇಡುತ್ತ ರಂಜಾನಬಿಯ ಮನೆ ಹೊಕ್ಕಿತು. ಅವಳು ಮಗ್ಗದ ಮುಂದೆ ಕೊಂಡಿ ಹಾಕುತ್ತಿದ್ದಳು, ಮತೀನ ಮಗ್ಗದ ಮೇಲೆ ಕುಳಿತಿದ್ದ. ನಾಯಿ ಅವಳ ಎರಡೂ ಕೈ ಮೂಸಿ, ಬಲಗೈಯನ್ನು ಒಮ್ಮೆ ನೆಕ್ಕಿ, ಮುಂದೆ ಕುಳಿತುಬಿಟ್ಟಿತು.

ಸೊಸೆ ತಬಸುಮ ಕಿರುಚಿದಳು. ರಂಜಾನಬಿ ಕೈ ಹಿಂದೆ ಎಳೆಯಲಿಲ್ಲ. ಎಳೆದರೆ ಹಾಸು ಹರಿಯುತ್ತಿತ್ತು. ಬೆರಳಲ್ಲಿದ್ದ ಕುಣಿಕೆ ಸಿಕ್ಕಿಸಿಯೇ ತಲೆಯೆತ್ತಿದಳು. ನಾಯಿಯ ನಾಲಗೆ ಒಂದು ಗೇಣು ಹೊರಗಿತ್ತು.

"ಇದಕ್ಕ ನೀರು ಬೇಕು," ಎಂದಳು.

"ಹೊರಗಿನವರ ನೀರು ಕುಡಿಯಂಗಿಲ್ರಿ ಇದು. ಹಂಗ ಕಲಿಸೇವಿ," ಎಂದ ಬನಪ್ಪ. "ಗಾಡ್ಯಾಗ ಐತ್ರಿ ಇದರ ಬಟ್ಟಲ."

"ಹಂಗಾರ ತಂದು ಕುಡಸು, ತಮ್ಮಾ. ನನ್ನ ಮಾರಿ ಏನ ನೋಡ್ತಿ?"

ಹಿಂದಿನಿಂದ ಫೌಜದಾರ ಬಂದ. ಅವನಿಗೆ ನೀರಿನ ಮಾತು ಬೇಕಿರಲಿಲ್ಲ. ಮಗ್ಗದ ಮೇಲಿದ್ದ ಮತೀನನನ್ನು ನೋಡಿ, "ಹೋದ ವಾರ ಸೊಸೈಟ್ಯಾಗ ಜಗಳಾ ಮಾಡಿದಾಂವ ನೀನ ಹೌದಲ್ಲ?" ಎಂದ.

ಜಗಳ ಆಗಿದ್ದು ನಿಜ. ಸೊಸೈಟಿ ಕೊಟ್ಟ ರೇಷ್ಮೆ ಎಳೆ ಎಳೆಗೂ ಹರಿಯುತ್ತಿತ್ತು. ಮತೀನ ಆ ಕಟ್ಟನ್ನು ಸೆಕ್ರೆಟರಿಯ ಟೇಬಲ್ಲಿನ ಮೇಲೆ ಒಗೆದು, "ಇಂಥಾ ರೇಷ್ಮಿ ಕಳ್ಳ ಸೈತ ಒಯ್ಯಂಗಿಲ್ಲ" ಎಂದಿದ್ದ. ಕಳ್ಳ ಒಯ್ದಿದ್ದ. ಈಗ ಆ ಮಾತು ಊರಿಗೆಲ್ಲ ನೆನಪಾಯಿತು. ಪೇದೆಗಳಿಬ್ಬರು ಮತೀನನ ತೋಳು ಹಿಡಿದರು.

"ಸಾಹೇಬ್ರ," ರಂಜಾನಬಿ ಎದ್ದು ಬಾಗಿಲಿಗೆ ಅಡ್ಡ ನಿಂತಳು. "ಅವನ್ನ ಯಾಕ ಹಿಡೀತೀರಿ?"

"ನಾಯಿ ಹೇಳೇತಲ್ಲ."

"ನಾಯಿ ಮಗ್ಗದ ಮ್ಯಾಲೆ ಇದ್ದವನ ಕಡೆ ಹಣಿಕಿ ಸೈತ ನೋಡಿಲ್ಲ. ನನ್ನ ಕೈ ಮೂಸೇತಿ, ನನ್ನ ಮುಂದ ಕುಂತೈತಿ. ಅದರ ಮಾತು ನಂಬೂದಾದ್ರ ಪೂರಾ ನಂಬ್ರಿ. ನನ್ನ ಹಿಡೀರಿ."

ಗುಂಪಿನಲ್ಲಿ ಕೆಲವರು ನಕ್ಕರು. ಫೌಜದಾರನೂ ನಕ್ಕ. "ಅರವತ್ತೇಳರ ಮುದುಕಿ ಕಿಟಕಿ ಹತ್ತಿದಳಂತ ಬರದ್ರ ನನ್ನ ನೌಕರಿ ಹೋಗತೈತಿ. ಬಾಜೂ ಸರಿ."

"ಹಂಗಾರ ನಾಯಿ ಮಾತು ನಿಮಗ ಬೇಕಾದಷ್ಟ ನಂಬತೀರಿ, ಉಳಿದದ್ದು ನೀವ ಕೂಡಸ್ತೀರಿ. ಅದಕ್ಕೊಂದು ನಾಯಿ ಯಾಕ ತಂದ್ರಿ, ಪಾಪ, ಅಷ್ಟ ದೂರದಿಂದ?"

ಅವಳನ್ನು ಪಕ್ಕಕ್ಕೆ ಸರಿಸಿ ಮತೀನನನ್ನು ಒಯ್ದರು. ಸೊಸೈಟಿಯ ಕಟ್ಟೆಯ ಮೇಲೆ ಪಂಚನಾಮೆ ಬರೆದರು. ಪಂಚರಾಗಿ ನಿವೃತ್ತ ಶಿಕ್ಷಕ ಪಂಢರೀನಾಥ ಮಾಸ್ತರರನ್ನು ಕರೆದು ಸಹಿ ಹಾಕಿಸಿಕೊಂಡರು. ಸಂಜೆ ಐದಕ್ಕೆ ಮತೀನನನ್ನು ಹುನಗುಂದದ ಕೋರ್ಟಿಗೆ ಒಯ್ಯುತ್ತಾರೆಂದು ಓಣಿಗೆ ಸುದ್ದಿ ಬಂತು. ಒಮ್ಮೆ ಕೋರ್ಟಿನ ಕಾಗದದಲ್ಲಿ ಹೆಸರು ಬಿದ್ದರೆ ಸೊಸೈಟಿ ನೂಲು ಕೊಡುವುದಿಲ್ಲ, ಮಗ್ಗ ನಿಂತಂತೆಯೇ. ಇದು ತಬಸುಮಳಿಗೂ ಗೊತ್ತಿತ್ತು, ಅತ್ತು ಅತ್ತು ಅದನ್ನೇ ಹೇಳಿದಳು.

ರಂಜಾನಬಿ ಅಳಲಿಲ್ಲ. ನಾಯಿ ನೆಕ್ಕಿದ ಕೈಯನ್ನು ಮೂರು ಸಲ ನೀರಿನಿಂದ ತೊಳೆದು ಮಧ್ಯಾಹ್ನದ ಜೋಹರ್ ನಮಾಜು ಮಾಡಿದಳು. ಆಮೇಲೆ ಕೈಗಳನ್ನೇ ನೋಡುತ್ತ ಸ್ವಲ್ಪ ಹೊತ್ತು ಕುಳಿತಳು. ಸುಳ್ಳು ಹೇಳಲು ನಾಯಿಗೇನು ಬಂತು? ಅದು ಹುರಿ ಮೂಸಿತು, ಹುರಿಯ ಒಡತಿಯ ಹತ್ತಿರ ಬಂತು. ಅಷ್ಟೇ. ಒಂದು ಎಳೆ ಹಿಡಿದರೆ ಅದು ಎಲ್ಲಿಂದ ಬಂತೆಂದು ಅವಳೂ ಹೀಗೇ ಹುಡುಕುತ್ತಾಳಲ್ಲ.

ಅವಳು ಸೆರಗು ಹೊದ್ದು ಠಾಣೆಗೆ ನಡೆದಳು. ರೇಣವ್ವ ಬೆನ್ನು ಹತ್ತಿದಳು.

ಠಾಣೆಯಲ್ಲಿ ಮತೀನ ಒಳಗಿನ ಬೆಂಚಿನ ಮೇಲಿದ್ದ. ಫೌಜದಾರ ಅವಳನ್ನು ನೋಡಿ, "ಮತ್ತ ಬಂದ್ಯಾ?" ಎಂದ.

 ರಂಜಾನಬಿಯ ಕಣ್ಣು ಟೇಬಲ್ಲಿನ ಮೇಲಿತ್ತು. ಅಲ್ಲಿ ಒಂದು ಪೆನ್ನು ಇತ್ತು. ಬಂದವರು ಒಯ್ಯಬಾರದೆಂದು ಅದನ್ನು ಟೇಬಲ್ಲಿನ ಕಾಲಿಗೆ ಕಟ್ಟಿದ್ದರು. ಕೆಂಪು, ಗಿಣಿಹಸಿರು, ಕಪ್ಪು.

"ಇದು ಎಲ್ಲಿದು ಸಾಹೇಬ್ರ?"

ಫೌಜದಾರನಿಗೆ ಗೊತ್ತಿರಲಿಲ್ಲ. ಠಾಣೆಯ ಕಸ ಹೊಡೆಯುವ ಸೋಮವ್ವ ಬಾಗಿಲಲ್ಲೇ ಇದ್ದಳು. "ನಾ ತಂದೇನ್ರಿ. ಹೋದ ಬಕ್ರೀದ ಮುಂದ ಈ ಬೂಬವ್ವನ ಕಡಿಂದ ಇಸ್ಕೊಂಡ ಬಂದಿದ್ದೆ. ಪೆನ್ನ ದಿನಾ ಕಳುವ ಆಗತಿದ್ವಲ್ರಿ."

"ಠಾಣ್ಯಾಗ ಕಳುವ!" ಎಂದಳು ರೇಣವ್ವ, ಸಾಕಷ್ಟು ಗಟ್ಟಿಯಾಗಿ.

"ಈ ಹುರಿ ನಿಮ್ಮ ನಾಯಿಗೆ ಮೂಸಿಸ್ರಿ," ಎಂದಳು ರಂಜಾನಬಿ. "ಮಂದಿ ಸಾಲಾಗಿ ನಿಂದ್ರತೇವಿ. ಅದು ನನ್ನ ಮುಂದ ಕುಂತ್ರ, ಈ ಪೆನ್ನಿನ ಕಳ್ಳಿನೂ ನಾನ ಅಂತ ಬರಕೋರಿ. ಹಂಗ ಬರಿಯಾಕ ಆಗದಿದ್ರ ನನ್ನ ಮಗನ್ನ ಬಿಡ್ರಿ."

ಫೌಜದಾರ ಗಡಿಯಾರ ನೋಡಿದ. ಒಂದೂ ಮುಕ್ಕಾಲು. ಕೂಡಲಸಂಗಮಕ್ಕೆ ಬಂದೋಬಸ್ತಿಗೆ ಹೋಗಬೇಕಿತ್ತು, ಆದರೆ ಠಾಣೆಯ ಮುಂದೆ ಜನ ನೆರೆದಿದ್ದರು. "ಆತು. ಈಗ ಮಾಡೂಣ. ಏ ಬನಪ್ಪ, ಇಳಸ ನಾಯಿ. ಅಂಗಳದಾಗ ನಿಲ್ಲಸು ಎಲ್ಲಾರನ್ನ."

ಅಂಗಳದಲ್ಲಿ ಗಿಡವಿರಲಿಲ್ಲ. ಫರಸಿ ಬಿಳುಪೇರಿ ಹೊಳೆಯುತ್ತಿತ್ತು. ಬನಪ್ಪ ಜೀಪಿನ ನೆರಳಲ್ಲಿ ಬಿಂದುವಿನ ಮುಂದಿನ ಪಾದ ಮಡಿಲಲ್ಲಿಟ್ಟುಕೊಂಡು ಒದ್ದೆ ಬಟ್ಟೆ ಒತ್ತುತ್ತಿದ್ದ. ಅವನು ಏಳಲು ಹೊರಟಾಗ ರಂಜಾನಬಿ ಹತ್ತಿರ ಹೋಗಿ ನೋಡಿದಳು. ಪಾದದ ಅಡಿಯ ಕಪ್ಪು ಚರ್ಮ ಎರಡು ಕಡೆ ಎದ್ದಿತ್ತು. ಕೆಳಗೆ ಕೆಂಪು.

"ಇದು ಮುಂಜಾನಿ ಆದದ್ದೇನು?"

"ಹೌದ್ರಿ ಅವ್ವಾರ."

"ಬಾಲ?"

"ಅದು ಹುಟ್ಟಿದ ಮೂರನಾಕ ದಿನಕ್ಕ ಕತ್ತರಸ್ತಾರ್ರಿ. ಚಂದ ಕಾಣಲಿ ಅಂತ."

"ಯಾರಿಗೆ ಚಂದ?" ಎಂದಳು ರಂಜಾನಬಿ. ಬನಪ್ಪ ಒದ್ದೆ ಬಟ್ಟೆಯನ್ನು ಮತ್ತೆ ಪಾದಕ್ಕೆ ಒತ್ತಿದ. ಅವಳು ಫೌಜದಾರನ ಕಡೆ ತಿರುಗಿದಳು. "ಸಾಹೇಬ್ರ, ಈಗ ಬ್ಯಾಡ. ಹೊತ್ತು ಇಳೀಲಿ."

"ಏನಂದಿ?"

"ನಾಯಿ ಕಾಲು ಸುಟ್ಟಾವ. ನಾಕೂವರಿಗೆ ಸಾಲಿ ಪಡಸಾಲ್ಯಾಗ ಮಾಡೂಣ. ಅಲ್ಲಿ ನೆರಳ ಐತಿ."

ತಬಸುಮ ಅವಳ ತೋಳು ಜಗ್ಗಿದಳು. ಐದಕ್ಕೆ ಹುನಗುಂದಕ್ಕೆ ಒಯ್ಯುತ್ತಾರೆ, ಸಾಹೇಬರು ಒಪ್ಪಿದಾಗಲೇ ಮಾಡಿಸಬಾರದೆ, ಗಂಡನಿಗಿಂತ ನಾಯಿ ದೊಡ್ಡದೆ ಎಂದು ಮನೆಯ ಉರ್ದು ಮಾತಿನಲ್ಲೇ ಬೈದಳು. ರಂಜಾನಬಿಗೂ ಆ ಐದು ಗಂಟೆ ನೆನಪಿತ್ತು. ಆದರೂ ಹೇಳಿದಳು: "ಅದು ನನ್ನ ಮಗನ ಮ್ಯಾಲೆ ಸಾಕ್ಷಿ ಹೇಳೇತಿ ಅಂತಾರ. ಸಾಕ್ಷಿದಾರನ ಕಾಲು ಸುಟ್ಟು ನಾ ಮಾತು ಹೊರಡಸಂಗಿಲ್ಲ."

"ಈಗ ಇಲ್ಲಾಂದ್ರ ಇಲ್ಲ," ಎಂದ ಫೌಜದಾರ.

ರಂಜಾನಬಿ ಚಪ್ಪಲಿ ಬಿಟ್ಟು ಅಂಗಳದ ನಡುವೆ ಹೋಗಿ ನಿಂತಳು. ಫರಸಿ ಪಾದಕ್ಕೆ ಕಚ್ಚಿತು. "ಬರ್ರಿ, ಬೂಟು ಬಿಚ್ಚಿ ನೀವೂ ನಿಂದರ್ರಿ. ನೀವು ಎಷ್ಟು ಹೊತ್ತು ನಿಂದ್ರತೀರೋ ಅಷ್ಟು ಹೊತ್ತು ನಾಯೀನೂ ಬರಲಿ."

 ಆಗ ಬನಪ್ಪ ಎದ್ದು ನಿಂತು, ಸಲ್ಯೂಟ್ ಹೊಡೆದು, ಫೌಜದಾರನ ಮುಖ ನೋಡದೆ ಹೇಳಿದ: "ಸರ್, ಕಾಲಿಗೆ ಗಾಯ ಆಗೇತಿ. ಈ ಬಿಸಲಾಗ ನಾ ಇಳಸಂಗಿಲ್ರಿ. ಬೇಕಾದ್ರ ಬರದ ಕೊಡ್ತೇನಿ."

ಫೌಜದಾರ ಟೋಪಿ ತೆಗೆದು ಜೀಪಿನ ಮೇಲಿಟ್ಟ. "ನಾಕೂವರಿ," ಎಂದ. "ಒಂದು ನಿಮಿಷ ಹೆಚ್ಚಿಲ್ಲ."

ಕಾಯುವ ಹೊತ್ತಿನಲ್ಲಿ ರೇಣವ್ವ ಮನೆಗೆ ಹೋಗಿ ಎಲೆಯಲ್ಲಿ ಏನೋ ಮುಚ್ಚಿಕೊಂಡು ಬಂದಳು. ಹುರಿದ ಒಣಮೀನು. "ಅಕ್ಕಾ, ಕೈಗೆ ಇಷ್ಟ ತಿಕ್ಕೋ. ನಾಯಿ ಬ್ಯಾರೆ ಕಡೆ ಹೋದ್ರ ನನ್ನ ಹೆಸರು ರೇಣವ್ವ ಅಲ್ಲ."

"ಒಯ್ಯಿ ಅದನ್ನ," ಎಂದಳು ರಂಜಾನಬಿ. "ಅವರು ಅದರ ಬಾಯಾಗ ಸುಳ್ಳು ತುರುಕ್ಯಾರಂತ ಹೊಡೆದಾಡಾಕ ಬಂದೇನಿ. ನಾನೂ ತುರುಕಲೇನು?"

"ನಿನ್ನ ಮಗನ ಸಲುವಾಗಿ ಅಂದೆವಾ. ನನಗೇನು."

ರೇಣವ್ವ ಸಿಟ್ಟಿನಿಂದ ಒಣಮೀನು ತಾನೇ ತಿಂದು ಕೈ ತೊಳೆದುಕೊಂಡಳು.

ನಾಲ್ಕೂವರೆಗೆ ಸಾಲೆಯ ಪಡಸಾಲೆಯಲ್ಲಿ ಆರು ಮಂದಿ ನಿಂತರು: ರೇಣವ್ವ, ಸೋಮವ್ವ, ಪಂಢರೀನಾಥ ಮಾಸ್ತರ, ಒಬ್ಬ ಪೇದೆ, ರಂಜಾನಬಿ, ಮತ್ತು ಅವಳ ಹಟಕ್ಕೆ ಫೌಜದಾರ. "ಪೆನ್ನು ನಿಮ್ಮ ಟೇಬಲ್ಲಿಂದು. ನೀವಿಲ್ಲದಿದ್ರ ಹೆಂಗ?" ಎಂದಿದ್ದಳು.

ಬನಪ್ಪ ಹುರಿಯನ್ನು ಕೈಯಲ್ಲಿ ತಿರುಗಿಸಿ ನೋಡಿ ತಡೆದ. "ಅವ್ವಾರ, ಮ್ಯಾಲೆಲ್ಲ ಠಾಣೆಯವರ ಕೈ ಹತ್ತೇತ್ರಿ ಇದಕ್ಕ. ಮುಂಜಾನಿದೂ ಹಂಗ. ನಾ ಬರೂ ಮೊದಲ ನಾಕ ಮಂದಿ ಮುಟ್ಟಿದ್ರು. ನಾಯಿ ತಪ್ಪಿದ್ರ ನಿಮ್ಮ ಮಗನಿಗೂ ಕಷ್ಟ, ಇದಕ್ಕೂ ಕಷ್ಟ. ಒಮ್ಮೆ ತಪ್ಪೇತಿ ಅಂತ ಬರದ್ರ ಇದನ್ನ ಮೂಲಿಗೆ ತಳ್ಳತಾರ್ರಿ. ಆಮ್ಯಾಲೆ ಯಾರೂ ಕೇಳಂಗಿಲ್ಲ."

"ಮ್ಯಾಲಿಂದು ಮೂಸಿಸಬ್ಯಾಡ. ಬಿಚ್ಚು," ಎಂದಳು ರಂಜಾನಬಿ. "ಹೊಸಿಯೂ ಮುಂದ ನನ್ನ ಎಂಜಲಾ, ನನ್ನ ಬೆರಳಿನ ಬೆವರು ಒಳಗ ಕುಂತಿರತೈತಿ. ಹೊರಗ ಮುಟ್ಟಿದವರ ಕೈ ಅಲ್ಲಿಗೆ ಹೋಗಂಗಿಲ್ಲ."

ಬನಪ್ಪ ಹುರಿಯನ್ನು ಉಲ್ಟಾ ತಿರುಗಿಸಿ ಬಿಚ್ಚಿದ. ಒಳಗಿನ ಎಳೆಗಳು ಈಗಷ್ಟೇ ಬಣ್ಣ ಹಾಕಿದಂತೆ ಹೊಳೆದವು. "ಸೂಂಘ್, ಬಿಂದು."

ಬಿಂದು ಮೂಸಿತು. ರೇಣವ್ವನ ಹತ್ತಿರ ಬಂತು. ಕೈಯ ಬಳಿ ನಿಂತು ಮೂಗು ಅರಳಿಸಿತು. ರೇಣವ್ವ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ನಾಯಿ ಮುಂದೆ ಹೋಯಿತು. ಸೋಮವ್ವ, ಮಾಸ್ತರ, ಇಬ್ಬರನ್ನೂ ದಾಟಿತು. ಪೇದೆಯ ಹತ್ತಿರ ತಿರುಗಿ ಎರಡು ಸಲ ಮೂಸಿತು. ತಬಸುಮ ಬಾಯಿಗೆ ಸೆರಗು ಒತ್ತಿಕೊಂಡಳು. ಬಿಂದು ರಂಜಾನಬಿಯ ಮುಂದೆ ಬಂದು, ಅವಳು ಚಾಚಿದ ಕೈಗೆ ಮೂಗು ಹಚ್ಚಿ ಕುಳಿತಿತು. ಬನಪ್ಪ ಕಿಸೆಯಿಂದ ಬಿಸ್ಕೀಟು ತೆಗೆದು ಕೊಟ್ಟ. 

"ಹಿಡೀರಿ ಸಾಹೇಬ್ರ," ಎಂದಳು ರಂಜಾನಬಿ. "ಪೆನ್ನಿನ ಕಳ್ಳಿ."

ಫೌಜದಾರ ಗದ್ದ ಕೆರೆದುಕೊಂಡ. "ಅಂದ್ರ ಈ ನಾಯಿ ಉಪಯೋಗಿಲ್ಲ ಅಂದಂಗಾತು."

"ಯಾಕ ಉಪಯೋಗಿಲ್ಲ? ಎರಡೂ ಸಲ ಖರೇ ಹೇಳೇತಿ. ಈ ಹುರಿ ಈಕೀದು ಅಂದೈತಿ. ಅದಕ್ಕ ಕೈ ಗೊತ್ತೈತಿ, ಕಳವು ಅಂದ್ರೇನು ಅಂತ ಗೊತ್ತಿಲ್ಲ. ಕಳವು ಅನ್ನೂದನ್ನ ಕೂಡಿಸಿದವರು ನೀವು. ನಾಯಿನ್ನ ಕಟಕಟ್ಯಾಗ ನಿಲ್ಲಿಸಿ ಯಾರೂ ಕೇಳಂಗಿಲ್ಲಂತ ಹೊರೀ ಅದರ ಮ್ಯಾಲೆ ಹೊರಿಸಿದ್ರಿ."

ಫೌಜದಾರ ಜೀಪಿನ ಕಡೆ ತಿರುಗಿದ. ಮತೀನನನ್ನು ಬಿಡುವುದಾಗಿ ಹೇಳಿದ. ಠಾಣೆಗೆ ಮರಳಿ ಪೇದೆ ಒಂದು ಕಾಗದ ಬರೆದು, ಮಸಿಯ ಡಬ್ಬಿ ಸಮೇತ ಅವಳ ಮುಂದೆ ಸರಿಸಿದ. ಹೆಬ್ಬೆಟ್ಟು ಒತ್ತಿ ಮಗನನ್ನು ಕರೆದುಕೊಂಡು ಹೋಗು ಎಂದ.

ರಂಜಾನಬಿ ಕಾಗದವನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ಬೆರಳಿಟ್ಟು ಓದತೊಡಗಿದಳು. ಶ್ವಾ. ನ. ವು. ಒಂದು ಸಾಲಿಗೆ ಬಹಳ ಹೊತ್ತು ಹಿಡಿಯಿತು. ಯಾರೋ ಕೆಮ್ಮಿದರು. ದಾ. ರಿ. ತ. ಪ್ಪಿ. ಅಲ್ಲಿ ಬೆರಳು ನಿಂತಿತು.

"'ಶ್ವಾನವು ದಾರಿ ತಪ್ಪಿ ಆರೋಪಿಯ ಮನೆ ಸೇರಿತು'. ಇದು ಸುಳ್ಳ. ನಾಯಿ ದಾರಿ ತಪ್ಪಿಲ್ಲ. ನನ್ನ ಮನಿ ಆರೋಪಿ ಮನಿ ಅಲ್ಲ."

"ಅದೆಲ್ಲ ಬರಿಯೂ ರೀತಿ, ಅಮ್ಮಾ," ಎಂದ ಪೇದೆ. "ಒತ್ತಿಬಿಡು."

ಒಳಗಿನ ಬೆಂಚಿನಿಂದ ಮತೀನನೂ ಕೂಗಿದ. "ಅಮ್ಮೀ, ಸಾಕು, ಒತ್ತು. ಮನಿಗೆ ಹೋಗೂಣ."

"ಮುಂಜಾನಿಂದ ಕುಂತೀದಿ, ಇನ್ನ ಇಷ್ಟೊತ್ತು ಕುಂಡ್ರು." ಅವಳು ಪಂಢರೀನಾಥ ಮಾಸ್ತರರ ಕಡೆ ತಿರುಗಿದಳು. "ಮಾಸ್ತರ್ರ, ಮುಂಜಾನಿ ಪಂಚನಾಮೆಗೆ ಸಹಿ ಮಾಡಿದ್ರಲ್ಲ, ಓದಿ ಮಾಡಿದ್ರೇನು?"

ಮಾಸ್ತರ ಮೂವತ್ತೆರಡು ವರ್ಷ ಊರ ಮಕ್ಕಳಿಗೆ ಕನ್ನಡ ಕಲಿಸಿದವರು. ಅವರು ನೆಲ ನೋಡಿದರು. "ಇಲ್ಲ ರಂಜಾನಬಿ. ಸಾಹೇಬರು ತೋರಿಸಿದಲ್ಲಿ ಹಾಕಿದೆ."

"ಏನಂತ ಇತ್ತು ಅದರಾಗ?"

ಅವರು ಪಂಚನಾಮೆ ಕೇಳಿ ಇಸಿದುಕೊಂಡು ಓದಿದರು. ಅದರಲ್ಲಿ ನಾಯಿ ಮತೀನನನ್ನು ತೋರಿಸಿತು ಎಂದಿತ್ತು. ರಂಜಾನಬಿಯ ಹೆಸರೇ ಇರಲಿಲ್ಲ. ಮಾಸ್ತರ ಚಾಳೀಸು ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಯಾರನ್ನೂ ಕೇಳದೆ ಕುರ್ಚಿ ಎಳೆದು ಕುಳಿತು, "ಬಿಳಿ ಹಾಳಿ ಕೊಡ್ರಿ" ಎಂದರು. "ನಾನು ಕಂಡದ್ದನ್ನ ನಾನ ಬರೀತೇನಿ. ಬ್ಯಾಡಂದ್ರ, ಮುಂಜಾನಿ ಸಹಿ ನಾ ಓದದ ಮಾಡಿದ್ದು ಅಂತ ಕೋರ್ಟಿನಾಗ ಹೇಳತೇನಿ."

ಫೌಜದಾರ ಅವರನ್ನೂ, ಅವಳನ್ನೂ, ಬಾಗಿಲ ತುಂಬ ನಿಂತ ಜನರನ್ನೂ ನೋಡಿ ಹಾಳೆ ಕೊಡಿಸಿದ. ಮಾಸ್ತರ ಬರೆದು ಗಟ್ಟಿಯಾಗಿ ಓದಿದರು: ಶ್ವಾನವು ರಂಜಾನಬಿಯ ಕೈಯ ವಾಸನೆ ಗುರುತಿಸಿತು. ಹುರಿ ಹೊಸೆದವಳು ರಂಜಾನಬಿ. ಅದನ್ನು ಕಿಟಕಿಗೆ ಕಟ್ಟಿದವರು ಯಾರೆಂದು ತಿಳಿದಿಲ್ಲ.

"ಶ್ವಾನದ ಹೆಸರು ಬರೀರಿ," ಎಂದಳು ರಂಜಾನಬಿ. "ಕಾಲು ಸುಟ್ಟದ್ದೂ ಬರೀರಿ. ಯಾವ ಹೊತ್ತಿಗೆ ಅನ್ನೂದೂ."

ಮಾಸ್ತರ ಬರೆದರು. ಬಿಂದು. ಬೆಳಿಗ್ಗೆ ಹನ್ನೊಂದು ಗಂಟೆಗೆ ಕಾದ ಫರಸಿಯ ಮೇಲೆ ಓಡಿಸಿದ್ದರಿಂದ ಮುಂಗಾಲಿಗೆ ಗಾಯ. ಬಾಗಿಲಲ್ಲಿ ಬನಪ್ಪ ಬೇರೆ ಕಡೆ ಮುಖ ತಿರುಗಿಸಿಕೊಂಡ.

ಪೇದೆ ಮಸಿಯ ಡಬ್ಬಿಯನ್ನು ಮತ್ತೆ ಮುಂದೆ ಸರಿಸಿದ. ರಂಜಾನಬಿ ಅದನ್ನು ಬೆರಳಿನಿಂದ ಆಚೆ ಸರಿಸಿ, ಮಾಸ್ತರರ ಕೈಯಿಂದ ಪೆನ್ನು ತೆಗೆದುಕೊಂಡಳು. ತನ್ನ ಹೆಸರಿನ ಮೊದಲ ಅಕ್ಷರದ ಸೊನ್ನೆಯನ್ನು ಸಣ್ಣದಾಗಿ, ದುಂಡಗೆ ತಿದ್ದಿದಳು. ಎರಡನೆಯದರ ದೀರ್ಘ ಎಳೆದು ಉಸಿರು ಬಿಟ್ಟಳು. ಫೌಜದಾರನಿಗೆ ಹೊರಡುವ ಅವಸರವಿತ್ತು, ಜೀಪು ಶುರುವಾಗಿ ಹೊರಗೆ ಗುರುಗುಡುತ್ತಿತ್ತು. ನಾಲ್ಕೂ ಅಕ್ಷರ ಮುಗಿಯುವವರೆಗೆ ಅವನು ನಿಂತೇ ಇದ್ದ.